ಒಣಕೊಂಬೆಯ ಮೇಲೆ ಬಿಳಿ ಬೀಸಣಿಗೆ

ಬೆಂಗಳೂರಿನ ಹನುಮಂತನಗರದ ರಾಮಾಂಜನೇಯ ಗುಡ್ಡಕ್ಕೆ ಮಳೆ ಬಿಟ್ಟ ಮೇಲೆ ಹೋದ್ರೆ, ಬಿದ್ದಿರೋ ಒಣಕೊಂಬೆಗಳ ಮೇಲೂ ಒಮ್ಮೆ ಕಣ್ಣಾಡಿಸಿ.

ಹೆಬ್ಬೆರಳ ಉಗುರಿನಷ್ಟು ಅಗಲದ, ಬೂದುಬಿಳಿ ಬೀಸಣಿಗೆಯಂಥ ಅಣಬೆಗಳು ಕಾಣಬಹುದು. ಮೇಲೆಲ್ಲ ನವಿರಾದ ರೋಮ, ಕಾಂಡ ಇಲ್ಲವೇ ಇಲ್ಲ ಅನ್ನಬಹುದು. ಒಂದನ್ನು ತಿರುಗಿಸಿ ನೋಡಿ. ಅಡಿಯ ಪ್ರತಿ ಪದರವೂ ಉದ್ದಕ್ಕೆ ಸೀಳಿದೆಯಾ? ಹಾಗಾದ್ರೆ ಇದು ಸ್ಕಿಜೋಫಿಲಮ್ ಕಮ್ಯೂನ್. ಬಿಸಿಲಿಗೆ ಆ ಸೀಳುಗಳು ಸುರುಳಿ ಸುತ್ತಿಕೊಂಡು ಬೀಜಕಣಗಳ ಜಾಗವನ್ನ ಮುಚ್ಚುತ್ತವೆ. ನೀರು ಚಿಮುಕಿಸಿದ್ರೆ ಮತ್ತೆ ಬಿಚ್ಚಿಕೊಳ್ಳುತ್ತವೆ!

ಮಣಿಪುರದಲ್ಲಿ ಇದನ್ನ ಕಾಂಗ್ಲಾಯೆನ್ ಅಂತಾರೆ, ಅಡುಗೆಗೂ ಹಾಕ್ತಾರೆ. ನೀವು ಮಾತ್ರ ರೀಲ್ ನೋಡ್ಕೊಂಡು ಯಾವ ಕಾಡಣಬೆಯನ್ನೂ ಬಾಯಿಗಿಡಬೇಡಿ.

ಅಡಿಯಲ್ಲಿ ಪದರದ ಬದಲು ಸಣ್ಣ ಸಣ್ಣ ತೂತುಗಳಿದ್ರೆ ಅದು ಪಾಲಿಪೋರ್ ಅನ್ನೋ ಬೇರೆ ಗುಂಪಿನ ಅಣಬೆ. ಇನ್ನು ಬದುಕಿರೋ ಮರದ ಬುಡದಲ್ಲಿ ಗಟ್ಟಿಯಾದ, ಮಿರಮಿರ ಹೊಳೆಯೋ ಕಂದು ಗ್ಯಾನೊಡರ್ಮ ಅಣಬೆ ಕಂಡ್ರೆ, ಬುಡ ಒಳಗೇ ಕೊಳೀತಿರಬಹುದು. ಪಾಲಿಕೆಗೆ ತಿಳಿಸಿ. ಆ ಮರದ ಕೆಳಗೆ ಗಾಡಿ ನಿಲ್ಲಿಸಬೇಡಿ.