ನನ್ನ ಕೈಲಿ ಎಷ್ಟಿದೆ?

ತಮಿಳುನಾಡು–ಕೇರಳ ಗಡಿಯಲ್ಲಿರುವ ಬೋಡಿಮೆಟ್ಟಿನ ಸುತ್ತ ಏಲಕ್ಕಿ ತೋಟಗಳಿವೆ. ಘಟ್ಟ ಇಳಿದರೆ ಸಿಗುವ ಬೋಡಿನಾಯಕನೂರಿನಲ್ಲಿ ಏಲಕ್ಕಿ ಹರಾಜು ನಡೆಯುತ್ತದೆ. ಪಕ್ಕದ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡ ಮಾತಾಡುವ ಮನೆಗಳಿವೆ. ಅಂಥ ಮನೆಯ ಹುಡುಗಿಯೊಬ್ಬಳು ಡಿಗ್ರಿ ಮುಗಿಸಿ, ಏಲಕ್ಕಿ ವ್ಯಾಪಾರದ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದಳು ಅಂತ ಇಟ್ಟುಕೊಳ್ಳಿ. ವರ್ಷ ಕಳೆದರೂ ಸಂಬಳ ಏರಲಿಲ್ಲ. ಯಾಕಮ್ಮಾ ಅಂದರೆ, "ಈ ಸಲ ಮಳೆ ಕೈಕೊಟ್ಟಿತು, ಮಾಲೇ ಬರಲಿಲ್ಲ" ಅನ್ನುತ್ತಾಳೆ. "ನಾನು ಇನ್ನೂ ಚೆನ್ನಾಗಿ ದುಡಿಯಬೇಕಿತ್ತು" ಅನ್ನುವುದಿಲ್ಲ.

ಅವಳಿಗೆ ತನ್ನ ಮೇಲೆ ನಂಬಿಕೆ ಕಡಿಮೆಯಾ? ಇಂಥದ್ದನ್ನು ಅಳೆಯಲು ಅಮೆರಿಕದ ಮನೋವಿಜ್ಞಾನಿ ಜೂಲಿಯನ್ ರಾಟರ್ 1966ರಲ್ಲಿ 29 ಜೋಡಿ ಹೇಳಿಕೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. (ಅದರಲ್ಲಿ 6 ಜೋಡಿ ಉದ್ದೇಶ ತಿಳಿಯದಿರಲಿ ಅಂತ ಸೇರಿಸಿದ್ದು, ಅಂಕಕ್ಕಿಲ್ಲ!) ಪ್ರತಿ ಜೋಡಿಯಲ್ಲಿ ಒಂದನ್ನು ಆರಿಸಬೇಕು. ಫಲ ನನ್ನ ಪ್ರಯತ್ನದಿಂದ ಬಂತು ಅಂದರೆ ಹತೋಟಿ ಒಳಗಿದೆ. ಅದೃಷ್ಟದಿಂದ ಅಥವಾ ಬೇರೆಯವರಿಂದ ಬಂತು ಅಂದರೆ ಹೊರಗಿದೆ. "ಎರಡೂ ನಿಜ" ಅನ್ನಲು ಅಲ್ಲಿ ಜಾಗವಿಲ್ಲ. ನಮ್ಮ ಹುಡುಗಿ "ಹೊರಗಿನ" ಗುಂಪಿಗೆ ಬೀಳುತ್ತಾಳೆ.

ಈಗ ಮೈಸೂರಿಗೆ ಬನ್ನಿ. ಜೋನ್ ಮಿಲ್ಲರ್ ಎಂಬ ಸಂಶೋಧಕಿ ಮೈಸೂರು ಮತ್ತು ಷಿಕಾಗೊ ಎರಡೂ ಕಡೆ 8, 11, 15 ವರ್ಷದ ಮಕ್ಕಳನ್ನೂ ದೊಡ್ಡವರನ್ನೂ ಮಾತಾಡಿಸಿ, 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ಗೊತ್ತಿರುವವರು ಮಾಡಿದ ಒಳ್ಳೆಯ, ಕೆಟ್ಟ ಕೆಲಸ ಹೇಳಿ, ಅವರು ಹಾಗೇಕೆ ಮಾಡಿದರು ಅಂತ ವಿವರಿಸಬೇಕಿತ್ತು. ಒಬ್ಬರು ಹೇಳಿದ ಘಟನೆ ಇದು: ಮೋಟಾರ್‌ಸೈಕಲ್ಲಿನ ಹಿಂದಿನ ಚಕ್ರ ಒಡೆದು ಹಿಂದೆ ಕೂತವನು ಬಿದ್ದ, ಓಡಿಸುತ್ತಿದ್ದ ವಕೀಲರು ಅವನನ್ನು ಆಸ್ಪತ್ರೆಗೆ ಸೇರಿಸಿ ಕೋರ್ಟಿಗೆ ಹೋದರು, ಗಾಯಾಳು ತೀರಿಕೊಂಡ. ಅಮೆರಿಕದವರು ಹೆಚ್ಚಾಗಿ ವಕೀಲರ ಬೇಜವಾಬ್ದಾರಿ ಸ್ವಭಾವವನ್ನು ದೂರಿದರು. ಇಲ್ಲಿಯವರು, ಕೋರ್ಟಿನಲ್ಲಿ ಕಕ್ಷಿದಾರನಿಗಾಗಿ ನಿಲ್ಲುವುದು ಅವರ ಕರ್ತವ್ಯವಾಗಿತ್ತು ಎಂಬಂಥ ಸಂದರ್ಭದ ಕಾರಣಗಳನ್ನು ಕೊಟ್ಟರು.

ಇನ್ನೂ ಸ್ವಾರಸ್ಯದ ಸಂಗತಿ ಅಂದ್ರೆ, 8 ವರ್ಷದ ಮಕ್ಕಳಲ್ಲಿ ಈ ವ್ಯತ್ಯಾಸ ಹೆಚ್ಚುಕಡಿಮೆ ಇರಲೇ ಇಲ್ಲ. ವಯಸ್ಸು ಏರಿದಂತೆ ಅದೂ ಬೆಳೆಯಿತು. ಎಲ್ಲಿ ಕಾರಣ ಹುಡುಕಬೇಕು ಎನ್ನುವುದನ್ನು ನಾವು ಸುತ್ತಲಿನವರಿಂದ ಕಲಿಯುತ್ತೇವೆ. ಮಿಲ್ಲರ್ ಕೇಳಿದ್ದು ಬೇರೆಯವರ ನಡತೆಯ ಬಗ್ಗೆ, ನಿಜ. ಆದರೆ ಅದೇ ರೂಢಿಯನ್ನು ನಮ್ಮ ಬದುಕಿಗೂ ಹಚ್ಚಿಕೊಳ್ಳುತ್ತೇವೆ ಅಂತ ನನಗನ್ನಿಸುತ್ತದೆ. ಮಳೆಯನ್ನು ನೆನೆದ ಹುಡುಗಿಗೆ ಧೈರ್ಯ ಕಡಿಮೆ ಅನ್ನುವುದು ಅವಸರದ ತೀರ್ಪು. ಏಲಕ್ಕಿಗೆ ಮಳೆ ಬೇಕೇ ಬೇಕಲ್ಲ!

ಹಾಗಂತ ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟುವುದೂ ಸರಿಯಲ್ಲ. ಲಂಡನ್ನಿನ 10,308 ಸರ್ಕಾರಿ ನೌಕರರನ್ನು 1985ರಿಂದ ವರ್ಷಗಟ್ಟಲೆ ಗಮನಿಸಿದಾಗ, ತಮ್ಮ ಕೆಲಸ ಹೇಗೆ ಮಾಡಬೇಕೆಂಬುದರಲ್ಲಿ ಮಾತು ನಡೆಯದವರಿಗೆ ಹೃದಯದ ಕಾಯಿಲೆ ಹೆಚ್ಚು ಬಂದದ್ದು ಕಂಡಿತು. ಒಂದೇ ನಗರ, ಆದರೂ ಒಬ್ಬರ ಮೇಜಿನಲ್ಲಿ ಹತೋಟಿ ಇದೆ, ಇನ್ನೊಬ್ಬರ ಮೇಜಿನಲ್ಲಿಲ್ಲ. ಆದ್ದರಿಂದ "ನನ್ನ ಕೈಲಿ ಏನೂ ಇಲ್ಲ" ಅಂತ ಯಾರಾದರೂ ಅಂದರೆ, ಅದು ಅವರ ಕಚೇರಿಯ ನಿಜವಾದ ವರದಿಯೂ ಆಗಿರಬಹುದು.

ನೀವೇ ಪರೀಕ್ಷಿಸಿ. "ನಮ್ಮ ಶಾಲೆಯ ಕಬಡ್ಡಿ ತಂಡ ಯಾಕೆ ಸೋತಿತು?" ಅಂತ ಮೂರನೇ ತರಗತಿಯ ಮಗುವನ್ನೂ, ಕೆಲಸಕ್ಕೆ ಹೋಗುವ ಅಕ್ಕನನ್ನೂ, ಅಜ್ಜಿಯನ್ನೂ ಕೇಳಿ. ಆಟಗಾರರು ಕಾರಣ ಅಂದವರನ್ನು ಒಂದು ಕಡೆ, ಸಂದರ್ಭ ಕಾರಣ ಅಂದವರನ್ನು ಇನ್ನೊಂದು ಕಡೆ ಬರೆಯಿರಿ. ಎರಡನ್ನೂ ಹೇಳಿದವರಿಗೆ ಮೂರನೆಯ ಕಂಬಸಾಲು ಬಿಡಿ.