ಮನಃಕ್ಲೇಶವೂ ಕರುಳಿನ ಕೆರಳಿಕೆಯೂ

ಆದಿಲಶಾಹಿ ಇತಿಹಾಸವನ್ನು ಅಭ್ಯಸಿಸುವವರೆಲ್ಲರೂ ಫರಿಸ್ತನ ಗ್ರಂಥವನ್ನು ಆಶ್ರಯಿಸುತ್ತಾರೆ. ೧೫೮೯ರಲ್ಲಿ ವಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ಬಂದು ಇಮ್ಮಡಿ ಇಬ್ರಾಹಿಮ ಆದಿಲಶಹನ ಆಶ್ರಯ ಪಡೆದ ಈ ಇತಿಹಾಸಕಾರನು, ಭಾರತೀಯ ವೈದ್ಯವನ್ನು ಕುರಿತು 'ದಸ್ತೂರ್-ಉಲ್-ಅತಿಬ್ಬಾ' ಎಂಬ ಪಾರಸಿ ಗ್ರಂಥವನ್ನೂ ರಚಿಸಿದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಇತಿಹಾಸ ಬರೆಯುವವರಿಗೆ ಹೊಟ್ಟೆನೋವಿನ ಗೊಡವೆ ಏಕೆಂದು ಕೇಳುವವರಿಗೆ ಈ ನಿದರ್ಶನವೇ ಸಾಕೆಂದು ಭಾವಿಸುತ್ತೇವೆ.

ನಾವು ಇಲ್ಲಿ ವಿಚಾರಿಸಹೊರಟುದು ವೈದ್ಯರು 'ಇರಿಟೆಬಲ್ ಬವೆಲ್ ಸಿಂಡ್ರೋಮ್' ಎಂದು ಕರೆಯುವ ವ್ಯಾಧಿಯನ್ನು. ತಿಂಗಳುಗಟ್ಟಲೆ ಮರುಕಳಿಸುವ ಹೊಟ್ಟೆನೋವು, ಅದರೊಡನೆ ಭೇದಿ ಅಥವಾ ಮಲಬದ್ಧತೆ, ಕೆಲವರಲ್ಲಿ ಒಂದಾದ ಮೇಲೊಂದರಂತೆ ಎರಡೂ, ಮತ್ತು ಹೊಟ್ಟೆಯುಬ್ಬರ, ಇವು ಇದರ ಲಕ್ಷಣಗಳು. ಪರೀಕ್ಷಿಸಿದರೆ ಕರುಳಿನಲ್ಲಿ ಹುಣ್ಣಾಗಲಿ ಗಂಟಾಗಲಿ ಕಾಣಿಸದು. ಆಗ ರೋಗಿಯ ಕಿವಿಗೆ ಬೀಳುವ ಮಾತು ಒಂದೇ: "ನಿಮಗೇನೂ ಆಗಿಲ್ಲ, ಎಲ್ಲ ಮನಸ್ಸಿನ ಭ್ರಮೆ." ಈ ಮಾತಿಗೆ ಆಧಾರವುಂಟೇ ಎಂಬುದೇ ನಮ್ಮ ಪ್ರಶ್ನೆ.

ಫರಿಸ್ತನು ಪಾರಸಿ ಓದುಗರಿಗೆ ಪರಿಚಯಿಸಿದ ವೈದ್ಯಪರಂಪರೆಯ ಮೂಲಗ್ರಂಥಗಳಲ್ಲಿ ಚರಕಸಂಹಿತೆ ಅಗ್ರಗಣ್ಯವಾದುದು. ಪಥ್ಯವಾದ ಅನ್ನವನ್ನು ಮಿತವಾಗಿಯೇ ಉಂಡರೂ ಚಿಂತೆ, ಶೋಕ, ಭಯ, ಕ್ರೋಧ, ನಿದ್ರಾಭಂಗಗಳಿಂದ ಅದು ಜೀರ್ಣವಾಗದೆಂಬುದು ಅದರ ಅಭಿಮತ. ಅತಿಸಾರದ ಆರು ಬಗೆಗಳನ್ನೆಣಿಸುವಾಗ ಭಯದಿಂದ ಹುಟ್ಟುವುದನ್ನೂ ಶೋಕದಿಂದ ಹುಟ್ಟುವುದನ್ನೂ ಅದು ಬೇರೆಬೇರೆಯಾಗಿ ಹೆಸರಿಸಿ, ಅವುಗಳ ಚಿಕಿತ್ಸೆಯಲ್ಲಿ ವಾತಶಮನದೊಡನೆ ರೋಗಿಯನ್ನು ಸಂತೋಷಪಡಿಸುವುದನ್ನೂ ಸಂತೈಸುವುದನ್ನೂ ವಿಧಿಸುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಕಾರಣವು ಮನಸ್ಸಿನಲ್ಲಿದೆಯೆಂದು ಚರಕನು ರೋಗವನ್ನು ಸುಳ್ಳೆನ್ನಲಿಲ್ಲ. ನಮ್ಮ ಭಾಷೆಯೂ ಅಸೂಯೆಯನ್ನು ಹೊಟ್ಟೆಕಿಚ್ಚೆಂದಿತು, ಮರುಕವನ್ನು ಕರುಳಿನಲ್ಲಿಟ್ಟಿತು. ನುಡಿಗಟ್ಟು ಪ್ರಮಾಣವಲ್ಲ, ನಿಜ. ಆದರೆ ಅನುಭವವಿಲ್ಲದೆ ನುಡಿಗಟ್ಟು ಹುಟ್ಟುವುದೂ ಇಲ್ಲ.

ಪ್ರಯೋಗದ ಸಾಕ್ಷ್ಯವು ಬಹುಕಾಲಾನಂತರ ಬಂದಿತು. ೧೮೨೨ರಲ್ಲಿ ಗುಂಡೇಟು ತಗಲಿ ಜಠರದಲ್ಲಿ ರಂಧ್ರವುಳಿದ ಸೇಂಟ್ ಮಾರ್ಟಿನ್ ಎಂಬ ಕೂಲಿಯವನನ್ನು ಅಮೆರಿಕೆಯ ಸೇನಾವೈದ್ಯ ಬೋಮಾಂಟನು ವರ್ಷಗಟ್ಟಲೆ ಪರೀಕ್ಷಿಸಿ, ಸಿಟ್ಟು ಬಂದಾಗ ಪಚನಕ್ರಿಯೆ ಕೆಡುವುದನ್ನು ಕಂಡನು. ೧೮೯೮ರಲ್ಲಿ ಕ್ಯಾನನ್ ಎಂಬವನು ಬೆಕ್ಕುಗಳ ಮೇಲೆ ಕ್ಷ-ಕಿರಣವನ್ನು ಹಾಯಿಸಿ, ಅವು ಕಳವಳಗೊಂಡೊಡನೆ ಜಠರದ ಚಲನೆ ನಿಂತುಹೋಗುವುದನ್ನು ವರದಿಮಾಡಿದನು. ೧೯೪೭ರಲ್ಲಿ ಆಲ್ಮಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವಂತೂ ಕಠೋರವಾದುದು: ದೊಡ್ಡ ಕರುಳನ್ನು ನಳಿಕೆಯಿಂದ ನೋಡುತ್ತಿರುವಾಗಲೇ ಒಬ್ಬನಿಗೆ ಅರ್ಬುದರೋಗವಿದೆಯೆಂದು ಸುಳ್ಳುಹೇಳಲು, ಕರುಳು ಬಿಗಿದುಕೊಂಡಿತು, ನಿಜ ತಿಳಿಸಿದ ಮೇಲೆ ಸಡಿಲವಾಯಿತು. ಇಂದು ಇಂತಹ ವಂಚನೆಗೆ ಯಾವ ನೀತಿಮಂಡಳಿಯೂ ಒಪ್ಪಲಾರದು.

ಹಾಗಾದರೆ ಎಲ್ಲವೂ ಮನಸ್ಸಿನದೇ ಆಟವೆ? ಅಲ್ಲ. ೧೯೬೨ರಲ್ಲಿ ಚೌಧರಿ ಮತ್ತು ಟ್ರೂಲವ್ ಎಂಬ ವೈದ್ಯರು ಆಕ್ಸ್‌ಫರ್ಡಿನಲ್ಲಿ ೧೩೦ ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿದಾಗ, ಬಹುಮಂದಿಯಲ್ಲಿ ಮಾನಸಿಕ ಕಾರಣಗಳು ತೋರಿದರೂ, ಸುಮಾರು ಕಾಲುಭಾಗದವರ ವ್ಯಾಧಿಯು ಆಮಶಂಕೆಯಾದ ಬಳಿಕ ಆರಂಭವಾಗಿತ್ತು. ಸೋಂಕು ತೊಲಗಿದರೂ ಕರುಳಿನ ನರಗಳು ಸೂಕ್ಷ್ಮವಾಗಿಯೇ ಉಳಿಯುವುದುಂಟು. ಸೋಂಕಿನ ಕಾಲದಲ್ಲಿ ಮನಃಕ್ಲೇಶವೂ ಇದ್ದವರಲ್ಲಿ ಹೀಗಾಗುವ ಸಂಭವ ಹೆಚ್ಚೆಂದು ಈಚಿನ ಸಂಶೋಧನೆಗಳು ತಿಳಿಸುತ್ತವೆ. ಕರುಳಿನ ಗೋಡೆಯಲ್ಲಿ ಕೋಟ್ಯಂತರ ನರಕೋಶಗಳಿದ್ದು, ಅವು ಮೆದುಳಿನೊಡನೆ ಎಡೆಬಿಡದೆ ಸಂದೇಶ ವಿನಿಮಯ ಮಾಡುತ್ತವೆ. ಚಿಂತೆಯಿಂದ ಕರುಳಿನ ಚಲನೆ ವ್ಯತ್ಯಾಸಹೊಂದುತ್ತದೆ. ಇತರರ ಗಮನಕ್ಕೇ ಬಾರದ ವಾಯುವಿನ ಒತ್ತಡವೂ ಈ ರೋಗಿಗೆ ನೋವಾಗುತ್ತದೆ. ಆ ನೋವು ಮತ್ತೆ ಚಿಂತೆಯನ್ನು ಬೆಳೆಸುತ್ತದೆ. ೨೦೧೬ರಲ್ಲಿ ಪ್ರಕಟವಾದ ನಾಲ್ಕನೆಯ ರೋಮ್ ಮಾನದಂಡಗಳು ಇಂತಹ ವ್ಯಾಧಿಗಳನ್ನು ಕರುಳು-ಮೆದುಳುಗಳ ಸಂಬಂಧದ ವಿಕಾರಗಳೆಂದು ಹೆಸರಿಸಿದುದು ಇದೇ ಕಾರಣದಿಂದ.

ಇನ್ನು ನಮ್ಮ ಸುತ್ತಲೇ ನೋಡೋಣ. ತಿಕೋಟಾ, ಬಬಲೇಶ್ವರಗಳ ಹಳ್ಳಿಗಳಿಂದ ವಿಜಯಪುರದ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳು ಮುಂಜಾನೆಯ ಬಸ್ಸಿಗಾಗಿ ಅರೆಹೊಟ್ಟೆಯಲ್ಲಿ ಹೊರಡುತ್ತಾರೆ. ದಾರಿಯಲ್ಲಿ ಸಂಡಾಸದ ಅನುಕೂಲವಿಲ್ಲವೆಂಬ ಅಂಜಿಕೆಯಿಂದ ನೀರು ಕುಡಿಯದೆ ಬರುವ ಹೆಣ್ಣುಮಕ್ಕಳೂ ಉಂಟು. ಪರೀಕ್ಷೆಯ ದಿನ ಹೊಟ್ಟೆ ಕಲಕಿ ಕೊಠಡಿಯಿಂದ ಎದ್ದುಹೋಗುವವನನ್ನು ಮೇಲ್ವಿಚಾರಕರು ಸಂಶಯದಿಂದ ನೋಡುವುದನ್ನು ಬಿಟ್ಟರೆ, ಅವನ ಅರ್ಧ ಬೇನೆ ಕಡಮೆಯಾದೀತು. ದ್ರಾಕ್ಷಿತೋಟಕ್ಕೆ ಸಾಲ ಮಾಡಿ, ಮಣೂಕ ಒಣಗಿಸುವ ದಿನಗಳಲ್ಲಿ ಅಕಾಲಮಳೆಗೆ ಹೆದರಿ ಮುಗಿಲು ನೋಡುತ್ತ ನಿದ್ದೆಗೆಡುವ ಒಕ್ಕಲಿಗನ ಚಿಂತೆ, ನಿದ್ರಾಭಂಗಗಳೆರಡೂ ಚರಕನ ಎಣಿಕೆಯಲ್ಲಿ ಆಗಲೇ ಇವೆ. ಅವನಿಗೆ ಚಿಂತೆ ಬಿಡೆಂದು ಹೇಳುವುದು ಸುಲಭ.

ಊಟದಲ್ಲಿ ನಮ್ಮ ಜೋಳದ ರೊಟ್ಟಿ ಸಾಮಾನ್ಯವಾಗಿ ಒಗ್ಗುತ್ತದೆ. ಅದರೊಡನೆ ಕಚ್ಚಿ ತಿನ್ನುವ ಉಳ್ಳಾಗಡ್ಡಿ ಕೆಲವರಲ್ಲಿ ವಾಯುವನ್ನು ಹೆಚ್ಚಿಸುತ್ತದೆ. ಸೆಳೆತವನ್ನು ಶಮನಗೊಳಿಸುವ ಔಷಧಗಳುಂಟು. ೧೯೮೪ರಲ್ಲಿ ಮ್ಯಾಂಚೆಸ್ಟರಿನ ವೋರ್ವೆಲ್ ಮತ್ತು ಸಂಗಡಿಗರು ಸಂಮೋಹನ ಚಿಕಿತ್ಸೆಯಿಂದ ಗುಣ ಕಂಡುದನ್ನು ಪ್ರಕಟಿಸಿದರು. ಮಾತಿನ ಮೂಲಕ ನಡೆಯುವ ಮನಶ್ಚಿಕಿತ್ಸೆಗಳೂ ಇಂದು ಬಳಕೆಯಲ್ಲಿವೆ. ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ತೊಡಗಿದ ತೊಂದರೆ, ಇವುಗಳಲ್ಲಿ ಒಂದಿದ್ದರೂ ಅದನ್ನು ಮನಃಕ್ಲೇಶದ ಲೆಕ್ಕಕ್ಕೆ ಬರೆಯದೆ ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು.