ಸೌರದೀಪ ಮಂಕಾದಾಗ

ಮನೆಯ ಸೌರದೀಪವು ರಾತ್ರಿಯಿಡೀ ಬೆಳಗುವ ಬದಲು ಎರಡು ತಾಸಿಗೇ ನಂದತೊಡಗಿದರೆ, ಫಲಕವೇ ಕೆಟ್ಟಿತೆಂದು ಬಗೆಯುವವರುಂಟು. ಸಾವಿರಾರು ರೂಪಾಯಿ ತೆತ್ತು ಹೊಸ ಬ್ಯಾಟರಿ ತರುವವರೂ ಉಂಟು. ಮೂಲದೋಷವು ಹಾಗೆಯೇ ಉಳಿದರೆ ಹೊಸ ಬ್ಯಾಟರಿಯೂ ಬೇಗನೆ ಹಾಳಾಗುವುದು. ಆದುದರಿಂದ ಗೃಹಸ್ಥರು ಹಣ ವ್ಯಯಿಸುವ ಮುನ್ನ ಸೂರ್ಯನಿಂದ ದೀಪದವರೆಗಿನ ದಾರಿಯನ್ನು ಕ್ರಮವಾಗಿ ಪರೀಕ್ಷಿಸುವುದು ಉಚಿತ.

ಮೊದಲನೆಯದು ನೆರಳು. ಸಾಮಾನ್ಯ ಸಣ್ಣ ಫಲಕದಲ್ಲಿ 36 ಕೋಶಗಳು ಒಂದರ ಹಿಂದೊಂದು ಜೋಡಿಸಲ್ಪಟ್ಟಿರುತ್ತವೆ. ಕಾಲುವೆಗೆ ಒಂದೆಡೆ ಕಲ್ಲು ಬಿದ್ದರೆ ಮುಂದಿನ ಹೊಲಕ್ಕೆ ನೀರು ತಗ್ಗುವಂತೆ, ಒಂದು ಕೋಶದ ಮೇಲೆ ಎಲೆ ಕುಳಿತರೂ ಇಡೀ ಫಲಕದ ವಿದ್ಯುತ್ತು ಬಹಳವಾಗಿ ಕುಗ್ಗುತ್ತದೆ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಧೂಳು ಶತ್ರು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯಲ್ಲಿ ಉದುರೆಲೆ, ಪಾಚಿ ಹಾಗೂ ಬೆಳೆಯುತ್ತಿರುವ ಮರದ ಕೊಂಬೆ. ಮೇ ತಿಂಗಳಲ್ಲಿ ಇಲ್ಲದ ನೆರಳು, ಸೂರ್ಯನು ದಕ್ಷಿಣಕ್ಕೆ ಬಾಗುವ ಡಿಸೆಂಬರಿನಲ್ಲಿ ಬೀಳಬಹುದು. ನಮ್ಮ ಸೀಮೆಯು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಫಲಕವು ದಕ್ಷಿಣಾಭಿಮುಖವಾಗಿ ಸುಮಾರು ಅಷ್ಟೇ ಡಿಗ್ರಿ ಓರೆಯಾಗಿರಬೇಕು. ಮುಂಜಾನೆಯ ತಂಪಿನಲ್ಲಿ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ಎರಡನೆಯದು ಫಲಕದ ಪರೀಕ್ಷೆ. ನಿರ್ಮಲ ಆಕಾಶದ ಮಧ್ಯಾಹ್ನ ಫಲಕದ ತಂತಿಗಳನ್ನು ಬಿಡಿಸಿ ಮಲ್ಟಿಮೀಟರಿನಿಂದ ಅಳೆದರೆ 18ರಿಂದ 22 ವೋಲ್ಟ್ ತೋರಬೇಕು. ಬಳಿಕ 10 ಆಂಪಿಯರ್ ಸ್ಥಾನದಲ್ಲಿ ಅಳೆದರೆ 40 ವಾಟಿನ ಫಲಕವು ಸುಮಾರು 2 ಆಂಪಿಯರ್‌ಗಿಂತ ಮಿಗಿಲಾಗಿ ಕೊಡಬೇಕು. ಈ ಎರಡನೆಯ ಅಳತೆಯನ್ನು ಫಲಕಕ್ಕೆ ಮಾತ್ರ ಮಾಡತಕ್ಕದ್ದು. ಬ್ಯಾಟರಿಗೆ ಮಾಡಿದರೆ ಅಪಾಯ. ಫಲಕದ ಮೇಲೆ ಬರೆದ ವಾಟು 25 ಡಿಗ್ರಿ ಉಷ್ಣತೆಯಲ್ಲಿ ಪ್ರಯೋಗಶಾಲೆ ಅಳೆದದ್ದು. ಬೇಸಿಗೆಯಲ್ಲಿ ಫಲಕವು 60 ಡಿಗ್ರಿಗೆ ಕಾದಾಗ ನೂರಕ್ಕೆ ಹದಿನಾಲ್ಕರಷ್ಟು ಕಡಮೆಯಾಗುವುದು ಸಹಜಧರ್ಮವೇ ಹೊರತು ದೋಷವಲ್ಲ.

ಮೂರನೆಯದು ತಂತಿ. ವಿದ್ಯುತ್ತು ಹರಿಯುತ್ತಿರುವಾಗ ನಿಯಂತ್ರಕದ ಬಳಿಯೂ ಬ್ಯಾಟರಿಯ ಬಳಿಯೂ ವೋಲ್ಟನ್ನು ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚಿನ ಅಂತರ ಕಂಡರೆ ತಂತಿ ತೆಳುವಾಗಿದೆ, ಇಲ್ಲವೆ ಕೊಂಡಿಗೆ ಕಿಲುಬು ಹಿಡಿದಿದೆ. ಕಿಲುಬನ್ನು ಉಜ್ಜಿ ತೆಗೆದು ಬಿಗಿಮಾಡಿರಿ. ಬಿಚ್ಚುವಾಗ ಫಲಕದ ತಂತಿ ಮೊದಲು, ಬ್ಯಾಟರಿಯದು ಕೊನೆಗೆ. ಜೋಡಿಸುವಾಗ ಬ್ಯಾಟರಿಯದು ಮೊದಲು.

ನಾಲ್ಕನೆಯದು ಬ್ಯಾಟರಿ. ಬಳಕೆಯಿಲ್ಲದೆ ಕೆಲವು ತಾಸು ವಿಶ್ರಮಿಸಿದ ಸೀಸದ ಬ್ಯಾಟರಿಯು 12.6 ವೋಲ್ಟ್ ತೋರಿದರೆ ತುಂಬಿದೆ, 11.8ಕ್ಕೆ ಇಳಿದರೆ ಬರಿದಾಗಿದೆ. ಬರಿದಾಗಿಯೇ ಬಹುದಿನ ಉಳಿದರೆ ಅದರ ತಟ್ಟೆಗಳಲ್ಲಿ ಹರಳುಗಟ್ಟಿ ಶಕ್ತಿ ಕುಂದುತ್ತದೆ. ನೀರು ತುಂಬುವ ಬಗೆಯದಾದರೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು, ಬಾವಿಯ ನೀರನ್ನಲ್ಲ. ಬೆಂಕಿಯನ್ನು ಬಳಿಗೆ ತರಕೂಡದು.

ಕೊನೆಗೆ ಲೆಕ್ಕ. 40 ವಾಟಿನ ಫಲಕವು ಒಳ್ಳೆಯ ಬಿಸಿಲಿನ ದಿನ ಐದು ತಾಸಿನ ಪೂರ್ಣ ಪ್ರಕಾಶಕ್ಕೆ 200 ವಾಟ್‌ತಾಸು ಕೊಟ್ಟರೂ, ಸೋರಿಕೆ ಕಳೆದು ಕೈಗೆ ಸಿಗುವುದು ಸುಮಾರು 130. ಐದು ವಾಟಿನ ಮೂರು ದೀಪಗಳು ನಾಲ್ಕು ತಾಸು ಉರಿದರೆ 60 ವಾಟ್‌ತಾಸು. ಅದರ ಮೇಲೆ ಪಂಖ, ದೂರದರ್ಶನಗಳನ್ನು ಹೂಡಿದರೆ ಆದಾಯಕ್ಕೆ ಮೀರಿದ ವೆಚ್ಚವಾಯಿತು. ಮುಂಗಾರಿನ ಮೋಡದ ದಿನಗಳಲ್ಲಿ ಆದಾಯವೇ ತಗ್ಗುವುದರಿಂದ, ಮಕ್ಕಳ ಓದಿನ ದೀಪಕ್ಕೆ ಮೊದಲ ಪಾಲು ಕೊಟ್ಟು ಉಳಿದುದನ್ನು ನಿಲ್ಲಿಸುವುದೇ ಲೇಸು. ತಿಂಗಳಿಗೊಮ್ಮೆ ಈ ಅಳತೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ದೋಷ ಎಲ್ಲಿ ತಲೆದೋರಿತೆಂಬುದು ಮುಂದಿನ ಸಲ ತಾನಾಗಿಯೇ ತಿಳಿಯುವುದು.